ಪಟ್ಟಿಯಿಲ್ಲದ ಕಾಲು

ಕಣ್ಣಿಗೆ ಕಾಣದ್ದನ್ನು ಕೈಯಿಂದ ಮುಟ್ಟಿ ಅರಿಯಬಲ್ಲೆವೆನ್ನುವವರನ್ನು ನಾನು ನಂಬಿದವನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಥವರ ವಿರುದ್ಧ ವಾದಿಸಿ ಬಹುಮಾನ ಪಡೆದವನು. ಆದ್ದರಿಂದ ಈ ಸಂಗತಿಯನ್ನು ಓದಿ ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಗಟ್ಟಿಯಾಗಿ ನಗುತ್ತಿದ್ದೆ.

ಐವತ್ತರ ದಶಕದ ಕೊನೆಯ ಮಾತು. ರಾಬರ್ಟ್‌ಸನ್‌ಪೇಟೆಯಲ್ಲಿ ಉಪಾಧ್ಯಾಯನಾಗಿದ್ದೆ. ಉರಿಗಾಂನಲ್ಲಿ ಗಣಿ ಕಾರ್ಮಿಕರಿಗಾಗಿ ನಡೆಯುತ್ತಿದ್ದ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕುಳಿತು, ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ, ಹೊರಗಿನದು ಸಣ್ಣದು, ಅದರ ತುದಿಯೇ ಪಾದದ ಕೀಲಿನ ಹೊರಗುಬ್ಬು ಎಂಬುದನ್ನು ಕಲಿತಿದ್ದೆ. ಇಷ್ಟು ಜ್ಞಾನವನ್ನು ಇಟ್ಟುಕೊಂಡು ಭಾನುವಾರ ಸುಮ್ಮನೆ ಕೂರುವುದು ನನ್ನಂಥವನಿಗೆ ಸಾಧ್ಯವಿರಲಿಲ್ಲ. ಕಾಮಸಮುದ್ರದ ಬಸ್ಸು ಹತ್ತಿ, ಅಲ್ಲಿಂದ ನಡೆದು ಹಳ್ಳಿಗಳಲ್ಲಿ ಭಾಷಣ ಮಾಡುತ್ತಿದ್ದೆ.

ಅಂಥ ಒಂದು ಹಳ್ಳಿಯ ಪಟೇಲ ಚೌಡಪ್ಪನವರ ಮೊಣಕಾಲು ತಿಂಗಳಿನಿಂದ ಕುಂಬಳಕಾಯಿಯಂತೆ ಊದಿತ್ತು. ತಡಮಾಡಿದರೆ ಕಾಲು ಮುಂದೆಂದೂ ಮಡಚಲು ಬಾರದೆಂದು ನಾನು ಎಷ್ಟು ಬೇಡಿಕೊಂಡರೂ, "ಮೂಳೆ ಕಟ್ಟೋಕೆ ಮುನಿಯಮ್ಮ ಅವ್ಳೆ, ಆಸ್ಪತ್ರೆ ಯಾಕೆ ಮೇಷ್ಟ್ರೇ?" ಎನ್ನುತ್ತಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು: ಮುನಿಯಮ್ಮ ತಪ್ಪುವುದನ್ನು ಊರ ಮುಂದೆ ತೋರಿಸಿಕೊಟ್ಟರೆ, ಪಟೇಲರು ಮರುದಿನವೇ ಆಸ್ಪತ್ರೆಗೆ ಬರಬೇಕು.

ಮುಂದಿನ ಭಾನುವಾರ, ಏನೂ ಆಗದ ಎಡಗಾಲಿಗೆ ಪಟ್ಟಿ ಬಿಗಿದುಕೊಂಡು, ಕುಂಟುತ್ತ ಹೋಗಿ ಅವಳ ಜಗಲಿಯ ಮೇಲೆ ಕುಳಿತೆ. ಊರೇ ನೆರೆದಿತ್ತು. ಪೆಟ್ಟಾದ ಕಾಲನ್ನು ಮುನಿಯಮ್ಮ ಮೊದಲು ಮುಟ್ಟುವುದಿಲ್ಲ. ಒಳ್ಳೆಯ ಕಾಲನ್ನು ಸವರಿ, ಅದರ ಅಳತೆ ತಿಳಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುವುದು ಅವಳ ಪದ್ಧತಿ. ನನ್ನ ಬಲಗಾಲಿನ ಮೇಲೆ ಇಳಿದು ಬಂದ ಕೈ ಪಾದದ ಕೀಲಿಗಿಂತ ಮೂರು ಬೆರಳು ಮೇಲೆ ನಿಂತುಬಿಟ್ಟಿತು.

"ಮೇಷ್ಟ್ರೇ, ಮುರ್ದಿರೋದು ಇದು. ಮೂರ್ ವಾರ ಆಗದೆ. ಆ ಕಾಲ್ಗ್ಯಾಕೆ ಬಟ್ಟೆ ಸುತ್ಕಂಡಿದ್ದೀರಾ, ಚಳಿಯಾ?"

ಜನ ಬಿದ್ದು ಬಿದ್ದು ನಕ್ಕರು. ನಾನು ಎದ್ದು ಪಟ್ಟಿ ಕಿತ್ತೆಸೆದು, ಬಲಗಾಲನ್ನು ನಾಲ್ಕಾರು ಸಲ ನೆಲಕ್ಕೆ ಅಪ್ಪಳಿಸಿ, "ಮಹನೀಯರೇ, ನನ್ನ ಎರಡು ಕಾಲೂ ಸರಿಯಾಗಿವೆ!" ಎಂದು ಘೋಷಿಸಿದೆ. ಎಳ್ಳಷ್ಟೂ ನೋವಿರಲಿಲ್ಲ. ಮುನಿಯಮ್ಮ ವಾದಕ್ಕೇ ಇಳಿಯಲಿಲ್ಲ. "ಸಾಕು ಬುಡಪ್ಪಾ, ಈಗಿನ್ನೂ ಕೂಡ್ಕಂತಾ ಅದೆ," ಎಂದು ಒಳಗೆ ಹೋದಳು. ನಾನು ಕುಣಿದದ್ದನ್ನು ಕಣ್ಣಾರೆ ಕಂಡ ಪಟೇಲರು, ಅವಳು ತಪ್ಪಿದಳೆಂದು ಒಪ್ಪಿ, ಮರುದಿನ ಬರುವುದಾಗಿ ಹೇಳಿದರು.

ಮರುದಿನ ಬೆಳಿಗ್ಗೆ ನನ್ನ ಬಲಪಾದ ಚಪ್ಪಲಿಗೆ ಹಿಡಿಸಲಿಲ್ಲ. ಅಪ್ಪಳಿಸಿದ್ದರಿಂದ ಉಳುಕಿರಬೇಕೆಂದು ಆಸ್ಪತ್ರೆಗೆ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೊರಗಿನ ಮೂಳೆ ಮುರಿದಿದೆ. ನಿನ್ನೆಯದಲ್ಲ, ಆಗಲೇ ಕೂಡಿಕೊಳ್ಳುತ್ತಿದೆ. ಮೂರು ವಾರ ಆಗಿರಬೇಕು. ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದರು.

"ಭಾಷಣ," ಎಂದೆ.

ಹೊರಗೆ ಬೆಂಚಿನ ಮೇಲೆ, ಕೊಟ್ಟ ಮಾತಿಗೆ ಕಟ್ಟುಬಿದ್ದು, ಚೌಡಪ್ಪನವರು ಕಾದಿದ್ದರು. ಸುಮ್ಮನಿದ್ದರೆ ಅವರ ಕಾಲು ಉಳಿಯುತ್ತಿತ್ತು. ನಿಜ ಹೇಳಿದರೆ ಮುಂದಿನ ಬಸ್ಸಿಗೇ ಹೊರಟುಬಿಡುತ್ತಾರೆಂಬ ಭಯ. ಬಹಳ ಹೊತ್ತು ನನ್ನೊಡನೆಯೇ ವಾದಿಸಿ, ಕೊನೆಗೆ ನಿಜ ಹೇಳಿದೆ.

ಅವರ ಮುಖ ಇಳಿದುಹೋಯಿತು. "ಅಂಗಾದ್ರೆ ಅವ್ಳೇ ಗೆದ್ಲಾ? ಕೆಟ್ಟೆ ಬುಡಿ. ಇನ್ನ ನಾನು ಓಡೋಗಂಗೂ ಇಲ್ಲ."

"ಏಕೆ?"

"ತಿಂಗ್ಳ ಕೆಳ್ಗೇನೇ ಈ ಮೊಣಕಾಲ್ ಮುಟ್ಟಿ, 'ಇದು ನನ್ ಕೈಲಾಗಲ್ಲ, ಆಸ್ಪತ್ರೆಗೋಗು' ಅಂದಿದ್ಲು. ಸೂಜಿಗೆ ಎದ್ರಿ ನಾನೇ ಯಾರ್ಗೂ ಏಳಿರ್ಲಿಲ್ಲ."

ಅವರ ಮೊಣಕಾಲು ಉಳಿಯಿತು. ನಾನಾದರೋ ಆ ಮೂರು ವಾರಗಳಲ್ಲಾಗಲಿ ಅದಕ್ಕೆ ಮುಂಚೆಯಾಗಲಿ ಬಿದ್ದಿರಲಿಲ್ಲ, ಎಡವಿರಲಿಲ್ಲ. ಹಳ್ಳಿಯಿಂದ ಹಳ್ಳಿಗೆ ನಡೆದದ್ದೇ ನಡೆದದ್ದು. ಕಾಲು ನೆಟ್ಟಗಾದ ಮೇಲೆ ಮುನಿಯಮ್ಮನಲ್ಲಿಗೆ ಹೋಗಿ, ಅದು ಮುರಿದಿದೆಯೆಂದು ಹೇಗೆ ತಿಳಿಯಿತೆಂದು ವಿನಯದಿಂದಲೇ ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ನನ್ಯಾಕ್ ಕೇಳ್ತೀರಾ ಮೇಷ್ಟ್ರೇ? ಕಾಲು ನಿಮ್ದು. ನಿಮ್ಗೆಂಗೆ ಗೊತ್ತಾಗ್ಲಿಲ್ಲ?"

ಅದಕ್ಕೆ ಉತ್ತರವನ್ನು ಇಂದಿಗೂ ಹುಡುಕುತ್ತಿದ್ದೇನೆ.