ಈರಕ್ಕನ ಹೊಟ್ಟೆಕಿಚ್ಚು, ನಾಗಕ್ಕನ ಬೆರಕೆ ಸೊಪ್ಪು

ನಮ್ಮೂರ ಈರಕ್ಕನ ಹೊಟ್ಟೆಕಿಚ್ಚಿಗೆ ಒಲೆಯೇ ಬೇಕಿರಲಿಲ್ಲ. ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರೆ ಮುದ್ದೆಯ ಎಸರು ಕುದಿಯುತ್ತಿತ್ತು. ಮಧುಗಿರಿ ಬೆಟ್ಟ ಬೋಳಾದದ್ದೂ ಅವಳ ಕಣ್ಣು ಬಿದ್ದೇ ಎಂಬುದು ನನ್ನ ನಂಬಿಕೆ. ಆ ಕಿಚ್ಚೆಲ್ಲ ವಾರಗಿತ್ತಿ ನಾಗಕ್ಕನ ಮೇಲೆ. ಮಳೆ ಬಿದ್ದಾಗ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನ್ನೆ ಸೊಪ್ಪುಗಳನ್ನು ಬೆರೆಸಿ ನಾಗಕ್ಕ ಮಾಡುವ ಸಾರಿಗೆ ಊರೇ ತಟ್ಟೆ ಹಿಡಿಯುತ್ತಿತ್ತು.

೧೯೮೪ರಲ್ಲಿ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಹೊಲದಿಂದ ನೇರ ಬಂದ ನಾಗಕ್ಕನ ಮಡಿಲಿನ ಸೊಪ್ಪನ್ನು ಡಾಕ್ಟರಮ್ಮ ಎತ್ತಿ ತೋರಿಸಿ, "ಇಂಥ ಸೊಪ್ಪಿನಲ್ಲಿರೋ ಕೆಲವು ಅಂಶಗಳು ಕ್ಯಾನ್ಸರ್ ತಡೆಯೋಕೆ ಮೈಗೆ ಒತ್ತಾಸೆ ಆಗಬಹುದು ಅಂತಾರೆ. ಈ ತಾಯಿನ ನೋಡಿ ಕಲೀರಿ" ಎಂದರು. ಸೊಪ್ಪು ಔಷಧವಲ್ಲ, ತಂಬಾಕು ಬಿಡದಿದ್ದರೆ ಯಾವ ಸೊಪ್ಪೂ ಕಾಯದು ಎಂದೂ ಹೇಳಿದರು. ಅದು ಈರಕ್ಕನಿಗೆ ಕೇಳಿಸಲಿಲ್ಲ. 'ಈ ತಾಯಿ' ಎಂಬಲ್ಲಿಗೇ ಅವಳ ಕಿವಿ ಸುಟ್ಟುಹೋಗಿತ್ತು.

ಮಾರನೆಯ ದಿನದಿಂದ ಈರಕ್ಕ ಬದುಗಳನ್ನೆಲ್ಲ ಬೋಳಿಸಿದಳು. ಮೇಯಲು ಏನೂ ಉಳಿಯದೆ ಮೇಕೆಗಳು ಪಾವಗಡಕ್ಕೆ ಗುಳೆ ಹೋದವು. ಮೂರು ಹೊತ್ತೂ ಸೊಪ್ಪು ತಿನ್ನುವಳು, ಮೇಲೆ ಎಲೆಯಡಿಕೆಗೆ ತಂಬಾಕು ಸೇರಿಸಿ ದವಡೆಗೆ ಒತ್ತುವಳು.

ಒಂದು ದಿನ ಅವಳು ಬೈಯಲು ಬಾಯಿ ತೆರೆದಾಗ ಕೆನ್ನೆಯೊಳಗಿನ ಬಿಳಿ ಮಚ್ಚೆ ನಾಗಕ್ಕನ ಕಣ್ಣಿಗೆ ಬಿತ್ತು.

"ಅಕ್ಕ, ಬಾಯಾಗೆ ಏನೋ ಬೆಳ್ಳಗೈತೆ. ಆಸ್ಪತ್ರೆಗೆ ತೋರ್ಸು."

"ನಿನಗಿಂತ ಎಲ್ಡು ಪಟ್ಟು ಸೊಪ್ಪು ತಿಂತೀನಿ ಕಣೇ, ನಂಗೇನಾದಾತು? ನಿನ್ನ ಬಾಯಿ ನೋಡ್ಕೋ ಹೋಗು."

ನಾಗಕ್ಕ ಹಾಗೇ ಮಾಡಿದಳು. ಮಧುಗಿರಿಗೆ ಹೋಗಿ ಬಾಯಿ ತೋರಿಸಿಕೊಂಡು ಬಂದು, ಬಾವಿಯ ಬಳಿ ಈರಕ್ಕನಿಗೆ ಕೇಳುವಂತೆ ಹೇಳಿದಳು: "ಇಡೀ ತಾಲ್ಲೂಕ್ನಾಗೆ ಇಂಥಾ ಚೆಂದದ ಬಾಯಿ ಕಂಡಿಲ್ಲ ಅಂದ್ಬುಟ್ರು ಡಾಕ್ಟ್ರು."

ಈರಕ್ಕ ಕೊಡವನ್ನು ಹಗ್ಗದಲ್ಲೇ ಬಿಟ್ಟು ಬಸ್ಸಿಗೆ ಓಡಿದಳು.

ಡಾಕ್ಟರು ಟಾರ್ಚು ಹಿಡಿದು ನೋಡಿದರು. ಬೇಗ ಬಂದದ್ದು ಒಳ್ಳೆಯದಾಯಿತು, ಬಿಟ್ಟರೆ ಇದೇ ಕ್ಯಾನ್ಸರ್ ಆದೀತು, ತಂಬಾಕು ಇವತ್ತೇ ನಿಲ್ಲಿಸಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು.

ಈರಕ್ಕ ಯೋಚಿಸಿ, "ಮೊನ್ನೆ ಬಂದಿದ್ಲಲ್ಲ ನಾಗಿ, ಅವ್ಳು ತಂಬಾಕು ಹಾಕಾಕಿಲ್ವಾ?" ಎಂದಳು.

"ಇಲ್ಲಮ್ಮ."

ಅಷ್ಟು ಸಾಕಾಯಿತು. ಊರಿಗೆ ಮರಳುವ ಬಸ್ಸಿನ ಕಿಟಕಿಯಿಂದ ತಂಬಾಕಿನ ಚೀಲ ಹಾರಿತು.

ಕೆಲವು ತಿಂಗಳಲ್ಲಿ ಮಚ್ಚೆ ಮಾಸತೊಡಗಿತು. ಈರಕ್ಕ ಬಾವಿಯ ಬಳಿ ನಿಂತು, "ಲೇ ನಾಗಿ, ನಿನ್ನ ಬಾಯಿನ ಒಂದೇ ಸಲ ನೋಡಿ ಕಳಿಸ್ಬುಟ್ರು. ನನ್ನ ಬಾಯಿನ ತಿಂಗ್ ತಿಂಗ್ಳೂ ಕರ್ಸಿ ನೋಡ್ತವ್ರೆ" ಎಂದಳು.

ನಾಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಎಲ್ಲಾರ್ಗೂ ಆ ಪುಣ್ಯ ಬರತೈತಾ ಅಕ್ಕ" ಎಂದು ಹೊಟ್ಟೆ ಉರಿದವಳಂತೆ ಮುಖ ಮಾಡಿದಳು.

ಅವತ್ತು ಈರಕ್ಕ ನಾಗಕ್ಕನ ಮನೆಯಲ್ಲೇ ಕುಳಿತು, ಬೆರಕೆ ಸೊಪ್ಪಿನ ಸಾರಿಗೆ ಎರಡು ಮುದ್ದೆ ಉಂಡಳು.