ವಿಮಾನಕ್ಕೆ ಹೊಲಿದ ಕೌದಿಗಳು

ನಾನು ಈವರೆಗೆ ವಿಮಾನ ಹತ್ತಿಲ್ಲ. ಆದರೂ ಅದರೊಳಗೆ ಯಾರು ಎಲ್ಲಿ ಮಲಗುತ್ತಾರೆ, ಮಲಗಿದವರ ಕಾಲು ಎಲ್ಲಿಗೆ ಬರುತ್ತದೆ ಎಂಬುದೆಲ್ಲ ನನಗೆ ಚೆನ್ನಾಗಿ ಗೊತ್ತು. ಶಹಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ವರ್ಷ ಕೂತು ನಾವು ವಿಮಾನಕ್ಕೆ ಕೌದಿ ಹೊಲಿದಿದ್ದೇವೆ.

ಕೆಲಸ ತಂದವರು ಸೇಡಂ ಕಡೆಯ ಒಬ್ಬ ಗುತ್ತೇದಾರರು. ಹೈದರಾಬಾದಿನಲ್ಲಿ ವಿಮಾನದ ಸೀಟುಗಳಿಗೆ ಬಟ್ಟೆ ಹೊಲಿಸುವ ಕಾರ್ಖಾನೆ ಅವರದು. ಒಂದು ವಿಮಾನ ಕಂಪನಿಗೆ ಬರಬೇಕಾದ ಹೊಸ ವಿಮಾನಗಳು ತಡವಾಗಿದ್ದವಂತೆ. ಅದಕ್ಕೆ ದೂರದೇಶಗಳಿಗೆ ಹಾರುವ ತನ್ನ ಹಳೆಯ ದೊಡ್ಡ ವಿಮಾನಗಳನ್ನೇ ಒಂದೊಂದಾಗಿ ನಿಲ್ಲಿಸಿ, ಒಳಗಿನದೆಲ್ಲ ಕಿತ್ತು, ಹೊಸ ಸೀಟು, ಹೊಸ ದೀಪ, ಹೊಸ ಪರದೆ ಹಾಕಿಸುತ್ತಿತ್ತು. ಮುಂದಿನ ಸೀಟುಗಳು ಈಗ ಬಾಗಿಲಿರುವ ಪುಟ್ಟ ಕೋಣೆಗಳು. ಗುಂಡಿ ಒತ್ತಿದರೆ ಮಂಚವಾಗುತ್ತವೆ. ಆ ಮಂಚಗಳಿಗೆ ಕೈಹೊಲಿಗೆಯ ಕೌದಿಯೇ ಆಗಬೇಕೆಂದು ಕಂಪನಿಯಲ್ಲಿ ಯಾರಿಗೋ ಹೊಳೆದಿತ್ತು. ಗಗನಸಖಿಯರ ಉಡುಪೂ ಆಗಲೇ ಬದಲಾಗಿತ್ತು. ಅವರ ಹಳೆಯ ಸೀರೆಗಳನ್ನು ಒಗೆದು, ಬೆಂಕಿ ಹತ್ತದಂಥ ಔಷಧಿಯಲ್ಲಿ ಅದ್ದಿ, ಗಂಟು ಕಟ್ಟಿ ನಮಗೆ ಕಳಿಸುತ್ತಿದ್ದರು.

ಕೌದಿಯ ವಿದ್ಯೆ ನನ್ನ ಅತ್ತೆಯದು. ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಕೆರೆಯ ಕಡೆಯಿಂದ ಸೊಸೆಯಾಗಿ ಬಂದಾಗ ತಂದ ಸೂಜಿಡಬ್ಬಿ ಇನ್ನೂ ಅವರ ದಿಂಬಿನ ಕೆಳಗಿರುತ್ತದೆ. ಮೊದಲ ಗಂಟು ಬಿಚ್ಚಿದ ದಿನ ಅವರು ಒಂದು ಸೀರೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತುಬಿಟ್ಟರು.

"ಇದು ಎಷ್ಟ ಊರ ನೋಡ್ಯದೋ ಏನೋ," ಎಂದರು. "ನಾ ಕಲಬುರಗಿ ದಾಟಿಲ್ಲ."

ಗುತ್ತೇದಾರರು ಫೋನಿನಲ್ಲಿ ವಿಮಾನದ ಹೊಸ ಒಳಭಾಗ ತೋರಿಸಿದರು. ಮುಂದೆ ಮಂಚಗಳು, ಹಿಂದೆ ಒತ್ತೊತ್ತಾಗಿ ಸೀಟಿನ ಸಾಲು. ಅತ್ತೆಯ ಕಣ್ಣು ಹಿಂದಿನ ಸಾಲಿನಲ್ಲೇ ನಿಂತಿತು.

"ಇವರಿಗಿ ಕೌದಿ ಇಲ್ಲೇನು?"

"ಇವರಿಗಿ ತೆಳ್ಳನ ಶಾಲು ಕೊಡ್ತಾರ್ರಿ ಯವ್ವಾ."

"ಹಾಸಿಗಿ ಇದ್ದಷ್ಟ ಕಾಲ ಚಾಚು ಅನ್ನೋದು ಇವರನ್ನ ನೋಡೇ ಹೇಳ್ಯಾರ ಬಿಡ್ರಿ," ಎಂದರು ಅತ್ತೆ. ಗುತ್ತೇದಾರರು ನಕ್ಕರು. ಅತ್ತೆ ನಗಲಿಲ್ಲ.

ಓಣಿಯ ಐವರು ಹೆಂಗಸರು ಜೊತೆಗೂಡಿದರು. ಲೆಕ್ಕಕ್ಕೆ ನಾನು ಮೇಲ್ವಿಚಾರಕಿ. ಪ್ರತಿ ಕೌದಿಗೂ ಒಂದು ಚೀಟಿ. "ಒಳಗೆ ಹತ್ತಿಯ ಹೊರತು ಬೇರೇನೂ ಇಲ್ಲ" ಎಂದು ಅದರಲ್ಲಿ ಅಚ್ಚಾಗಿತ್ತು, ಕೆಳಗೆ ನನ್ನ ಸಹಿ. ಸೂಜಿ ಮುರಿದರೆ ಎರಡೂ ತುಂಡು ಹುಡುಕಿ ಚೀಟಿಗೆ ಅಂಟಿಸಬೇಕು. ಇದನ್ನೆಲ್ಲ ನಾನು ಗಟ್ಟಿಯಾಗಿ ಓದಿ ಹೇಳಿದ್ದೆ. ಓದು ಬಾರದ ಅತ್ತೆ ಎಲ್ಲರಿಗಿಂತ ಮೊದಲು ತಲೆಯಾಡಿಸಿದ್ದರು.

ಆ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣಲ್ಲಿ ತೇಲುತ್ತವೆ. ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗಿರುತ್ತಿದ್ದರು. ಬಾಗಿಲಿನಿಂದ ಬಿದ್ದ ಬಿಸಿಲು ನೆಲದ ಕಲ್ಲಿನ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ದೂರದಲ್ಲಿ ಗೂಡ್ಸ್ ರೈಲು ಹೋದರೆ ನೆಲ ಸಣ್ಣಗೆ ನಡುಗುತ್ತಿತ್ತು, ಕೆಂಪು ಸೀರೆಯ ಮೇಲೆ ಬಿಳಿ ಎಳೆ ಸಾಗುತ್ತಲೇ ಇರುತ್ತಿತ್ತು. ನಾನು ಹೊಲಿಯುತ್ತ ಹೊಲಿಯುತ್ತ ಯಾವುದೋ ಕರಿಯ ಸಮುದ್ರದ ಮೇಲಿರುತ್ತಿದ್ದೆ. ಅಲ್ಲಿ ಗುರುತಿಲ್ಲದ ಒಬ್ಬಾಕೆ ನನ್ನ ಹೊಲಿಗೆಯನ್ನು ಗದ್ದದವರೆಗೆ ಎಳೆದುಕೊಂಡು ಮಗ್ಗುಲಾಗುತ್ತಿದ್ದಳು. ಅವಳಿಗೆ ಒಳ್ಳೆಯ ಕನಸು ಬೀಳಲಿ ಅನಿಸುತ್ತಿತ್ತು. ಸುಖವೆಂದರೆ ಇದೇ ಇರಬೇಕು ಎಂದುಕೊಳ್ಳುತ್ತಿದ್ದೆ.

ಆ ಸುಖಕ್ಕೆ ಇರುವೆ ಹತ್ತಿತು.

ಮೊದಲ ಮೂವತ್ತು ಕೌದಿ ಹೋಗಬೇಕಾದ ಹಿಂದಿನ ದಿನ ಗೋಡೆಯ ಮೇಲೆ ಕೆಂಪಿರುವೆಗಳ ಸಾಲು ಕಂಡಿತು. ಸಾಲು ಸೀದಾ ಕೌದಿಗಳ ಅಟ್ಟಿಗೆ ಹೋಗಿತ್ತು. ಮೇಲಿನದನ್ನು ಬಿಡಿಸಿದೆ. ಅದರ ನಟ್ಟನಡುವಿನ ಚೌಕದ ಸುತ್ತ ಇರುವೆ ಮುತ್ತಿದ್ದವು. ಹೊಲಿಗೆ ಬಿಚ್ಚಿದರೆ ಒಳಗೆ ಒಣಗಿದ ಜೋಳದ ರೊಟ್ಟಿಯ ಚೂರು, ಚಿಟಿಕೆ ಬೆಲ್ಲ.

ನಮ್ಮ ಕಡೆ ಕೌದಿಯ ನಡುವಿನ ಚೌಕಕ್ಕೆ ಹೊಟ್ಟೆ ಎನ್ನುತ್ತಾರೆ. ಅದನ್ನು ಕೊನೆಗೆ ಮುಚ್ಚುವುದು. ಮುಚ್ಚುವ ಮುಂಚೆ ಒಂದು ತುತ್ತು ಇಡುವುದು. ಕೌದಿ ಹಸಿದಿರಬಾರದು. ಕುರಕುಂಟಾದ ನನ್ನ ತವರಿನಲ್ಲೂ ಅವ್ವ ಇಡುತ್ತಿದ್ದಳು. ಅತ್ತೆ ದಿನಾ ಉಂಡೆದ್ದ ಮೇಲೆ ಸೆರಗಿನ ಚುಂಗಿಗೆ ರೊಟ್ಟಿ ಕಟ್ಟಿಕೊಳ್ಳುವುದನ್ನು ನಾನು ನೋಡಿದ್ದೆ. ಆಕಳಿಗೆ ಇರಬೇಕೆಂದು ಸುಮ್ಮನಿದ್ದೆ. ಮೂವತ್ತು ಚೀಟಿಗೆ ಸಹಿ ಹಾಕಿದವಳು ಇಂಗು ತಿಂದ ಮಂಗನಂತೆ ನಿಂತೆ.

"ಅತ್ತಿ, ಹತ್ತಿ ಬಿಟ್ಟು ಏನೂ ಇಡಬ್ಯಾಡ್ರಿ ಅಂತ ಓದಿ ಹೇಳಿದ್ದಿಲ್ಲೇನು?"

"ನಾ ಏನ ಇಟ್ಟೀನಿ?" ಅವರಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ಸೂಜಿ ಇಟ್ಟೀನಾ, ಕಲ್ಲ ಇಟ್ಟೀನಾ? ಅದು ಅದರ ತುತ್ತು."

ಮುಚ್ಚಿಡಬಹುದಿತ್ತು. ಇರುವೆ ಕೊಡವಿ ಕಳಿಸಬಹುದಿತ್ತು. ಆದರೆ ಸಹಿ ನನ್ನದು, ಐದು ಮನೆಯ ಕೆಲಸವೂ ಅದರ ಮೇಲೆಯೇ ನಿಂತಿತ್ತು. ಗುತ್ತೇದಾರರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅಕ್ಕೋರ, ನಮ್ಮವ್ವನೂ ಇಡತಿದ್ಳು. ಅದು ಬ್ಯಾರೆ, ಇದು ಬ್ಯಾರೆ. ಎಲ್ಲಾ ಬಿಚ್ಚರಿ. ಎಂಟ ದಿನ ಕೊಡ್ತೀನಿ. ಮತ್ತೊಮ್ಮಿ ಹಿಂಗಾದರ ಕೆಲಸ ಬ್ಯಾರೆ ಕಡಿ ಹೋಗ್ತದ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ತಿಂಗಳ ಹೊಲಿಗೆಯ ಹೊಟ್ಟೆಗಳನ್ನೆಲ್ಲ ಎರಡು ದಿನದಲ್ಲಿ ಬಿಚ್ಚಿದೆವು. ಅತ್ತೆ ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ಸೂಜಿ ಮುಟ್ಟಲಿಲ್ಲ.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ," ಎಂದರು ಅಂಚಿನ ರೇಷ್ಮೆ ಪಟ್ಟಿ ನೋಡಿ. "ಹಸದ ಕೌದಿ ಹೊತ್ಗೊಂಡವರಿಗಿ ನಿದ್ದಿ ಹತ್ತಂಗಿಲ್ಲ. ನನ್ನ ಕೈಲೆ ಆಗಂಗಿಲ್ಲ."

ಅವರಿಲ್ಲದೆ ನಡುವಿನ ಚೌಕ ಯಾರ ಕೈಗೂ ಸುಕ್ಕಿಲ್ಲದೆ ಕೂಡುತ್ತಿರಲಿಲ್ಲ. ಮೂರನೇ ದಿನ ಸಂಜೆ ಮಾಳಿಗೆಯ ಮೇಲೆ ಅವರ ಪಕ್ಕ ಹೋಗಿ ಕೂತೆ. ಪಡುವಣದಲ್ಲಿ ಬೆಳಕು ಇನ್ನೂ ಆರಿರಲಿಲ್ಲ. ಬಹಳ ಎತ್ತರದಲ್ಲಿ ಒಂದು ವಿಮಾನ ಬಿಳಿ ಗೆರೆ ಎಳೆಯುತ್ತ ಹೋಯಿತು. ಸದ್ದು ಆಮೇಲೆ ಬಂತು.

"ಎಷ್ಟ ಹೊತ್ತ ಇರ್ತಾರ ಮ್ಯಾಲೆ?"

"ದೂರದ್ದಾದರ ಹದಿನಾರ ತಾಸು ಅಂತ್ರಿ."

"ಉಣ್ಣಾಕ?"

"ಬಿಸಿ ಊಟ ಕೊಡ್ತಾರ್ರಿ. ಉಂಡ ಮ್ಯಾಲೇ ಹಾಸಗಿ ಹಾಸ್ತಾರಂತ."

"ಹಿಂದ ಕುಂತವರಿಗಿನೂ?"

"ಎಲ್ಲಾರಿಗೂ ಕೊಡ್ತಾರ್ರಿ."

ಅತ್ತೆ ಗೆರೆ ಕರಗುವವರೆಗೂ ನೋಡಿದರು. "ಕೊಡ್ತಾರ ನಿಜ. ಉಂಡ್ಯಾ ಅಂತ ಯಾರ ಕೇಳ್ತಾರ?" ಎಂದರು.

ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಾವೇ ಬಂದು ಕೂತರು. ಹತ್ತಿ ಹರಡಿದರು, ಚೌಕವನ್ನು ಮೂರು ಕಡೆ ಹೊಲಿದರು. ನಾಲ್ಕನೇ ಕಡೆ ಮುಚ್ಚುವ ಮುಂಚೆ ಬಾಗಿ, ಕೌದಿಗೆ ತುಟಿ ಹಚ್ಚುವಷ್ಟು ಬಾಗಿ, ಮೆಲ್ಲಗೆ ಕೇಳಿದರು: "ಉಂಡ್ಯೇನವ್ವಾ?" ಒಂದು ಉಸಿರಿನಷ್ಟು ಕಾದರು. ಆಮೇಲೆ ಸೂಜಿ ಇಳಿಸಿದರು. ತಲೆಯೆತ್ತಿ ನನಗೆ ಹೇಳಿದರು: "ಬರಕೋ ನಿನ್ನ ಚೀಟಿ. ಒಳಗ ಏನೂ ಇಲ್ಲ."

ನನ್ನ ಕಣ್ಣು ತುಂಬಿ ಬಂತು. ಸಹಿ ಹಾಕಿದೆ, ಅದು ನಿಜವೇ ಆಗಿತ್ತು. ಅಂದಿನಿಂದ ಪ್ರತಿ ಕೌದಿಗೂ ಹೀಗೇ ನಡೆಯಿತು. ರೊಟ್ಟಿಯ ಚೂರನ್ನು ಅತ್ತೆ ಹಿತ್ತಲ ಗೋಡೆಯ ಮೇಲೆ ಇರುವೆಗಳಿಗೆ ಇಡುತ್ತಿದ್ದರು. ಹೆಂಗಸರು ಒಳಗೊಳಗೇ ನಗುತ್ತಿದ್ದರು. ನಾನೂ ಒಮ್ಮೊಮ್ಮೆ ನಕ್ಕಿದ್ದೇನೆ.

ವಿಮಾನಗಳೆಲ್ಲ ಸಿದ್ಧವಾಗಿ ಕೆಲಸ ಮುಗಿಯುವ ಹೊತ್ತಿಗೆ ಅತ್ತೆಯ ಕಣ್ಣಿನ ಪೊರೆ ದಪ್ಪವಾಗಿತ್ತು. ಕೊನೆಯ ಕೌದಿಯ ಹೊಟ್ಟೆ ಮುಚ್ಚುವುದು ನನ್ನ ಪಾಲಿಗೆ ಬಂತು. ಗುತ್ತೇದಾರರು ಬಾಗಿಲಲ್ಲಿ ಕಾಯುತ್ತಿದ್ದರು, ಅವರ ಜೊತೆ ಕಂಪನಿಯ ಕಡೆಯ ಒಬ್ಬ ಹೆಣ್ಣುಮಗಳು ಫೋಟೊ ತೆಗೆಯುತ್ತಿದ್ದಳು. ನಾಲ್ಕನೇ ಕಡೆಗೆ ಬಂದೆ. ಬಟ್ಟೆಯ ಜೊತೆ ಮಾತಾಡಲು ಅವಳೆದುರು ನನಗೆ ನಾಚಿಕೆಯಾಯಿತು. ಸುಮ್ಮನೆ ಹೊಲಿದುಬಿಟ್ಟೆ.

"ಕೇಳಿದ್ಯಾ?" ಎಂದರು ಅತ್ತೆ ಮೂಲೆಯಿಂದ.

"ಹೂಂ ರಿ," ಎಂದೆ.

ಚೀಟಿಗೆ ಸಹಿ ಹಾಕಿದೆ. ಚೀಟಿಯಲ್ಲಿ ಇದ್ದದ್ದು ನಿಜ. ಅತ್ತೆಗೆ ಹೇಳಿದ್ದಕ್ಕೆ ಚೀಟಿ ಇರಲಿಲ್ಲ.

ಈಗ ಸಂಜೆ ಬಟ್ಟೆ ತೆಗೆಯುವ ನೆವದಲ್ಲಿ ಮಾಳಿಗೆ ಹತ್ತುತ್ತೇನೆ. ಯಾವ ವಿಮಾನದಲ್ಲಿ ಆ ಕೌದಿ ಇದೆಯೋ ಗೊತ್ತಿಲ್ಲ, ನಮ್ಮ ಮೇಲೆ ಹಾಯುತ್ತದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಅದಕ್ಕೆ ಬಿಳಿ ಗೆರೆ ಕಂಡಾಗಲೆಲ್ಲ "ಉಂಡ್ಯೇನವ್ವಾ?" ಎಂದು ಕೇಳುತ್ತೇನೆ. ಮೊನ್ನೆ ಸ್ವಲ್ಪ ಜೋರಾಗಿಯೇ ಕೇಳಿದೆನೆಂದು ಕಾಣುತ್ತದೆ.

"ನಂದು ಆಗ್ಯದವಾ," ಎಂದರು ಅತ್ತೆ ಕೆಳಗಿನಿಂದ. "ನೀ ಬಂದು ಉಣ್ಣು."