ಒವನ್ನಿನ ಬಾಗಿಲು ತೆಗೆದವಳು

ಡೆಸ್ಮಂಡ್ ಸಗ್ಡೆನ್ ಇಂಗ್ಲೆಂಡಿನ ಟಾಡ್ಮರ್ಡನ್ ಊರಿನ ಶಾಲೆಗಳನ್ನು ಬೆಚ್ಚಗಿಡುವ ಬಾಯ್ಲರುಗಳನ್ನು ಮೂವತ್ತೆಂಟು ವರ್ಷ ನೋಡಿಕೊಂಡವನು. ಮದುವೆಯಾಗಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಮ್ಮ ಕಣಿವೆಯ ಜನವೇ ಹಾಗೆ. ಪಕ್ಕದ ಮನೆಯ ಮಾಡು ಹಾರಿಹೋದರೂ "ಇವತ್ತು ಗಾಳಿ ಸ್ವಲ್ಪ ಜೋರು, ಅಲ್ವಾ" ಅಂದು ಮಾತು ಮುಗಿಸುತ್ತಾರೆ.

ಅವನಿಗೆ ಇದ್ದದ್ದು ಒಂದೇ ಹೆಮ್ಮೆ. ಕ್ರಿಸ್ಮಸ್ ಊಟಕ್ಕೆ ಅವನು ಹುರಿಯುವಂಥ ಆಲೂಗಡ್ಡೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಗಡ್ಡೆಯನ್ನು ಅರೆಬೇಯಿಸಿ, ನೀರು ಬಸಿದು, ಪಾತ್ರೆಗೆ ಮುಚ್ಚಳ ಹಾಕಿ ಅಂಚೆಲ್ಲ ತರಚಿಕೊಳ್ಳುವವರೆಗೆ ಕುಲುಕಬೇಕು. ಹೆಬ್ಬಾತಿನ ಕೊಬ್ಬು ಒವನ್ನಿನೊಳಗೆ ಹೊಗೆಯಾಡುವಷ್ಟು ಕಾದಿರಬೇಕು. ಗಡ್ಡೆ ಬಿದ್ದಾಗ ಚುರ್ರ್ ಅನ್ನಬೇಕು. ಆಮೇಲೆ ನಡುವೆ ಒಂದೇ ಒಂದು ಸಲ ಮಗುಚಬೇಕು, ಅದೂ ಅವನೇ. ಬೇರೆ ಯಾರೂ ಒವನ್ನಿನ ಬಾಗಿಲು ಮುಟ್ಟಕೂಡದು. ಬಾಗಿಲು ತೆಗೆದರೆ ಬಿಸಿ ಹೋಯಿತು, ಬಿಸಿ ಹೋದರೆ ಮರ್ಯಾದೆ ಹೋಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. ತಿಂದವರು ಮಾತ್ರ ಕಾಲು ಎಣಿಸಲು ಹೋಗುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ತಂಗಿ ಗ್ಲೆಂಡಾಳ ಮನೆಯಲ್ಲಿ ಕ್ರಿಸ್ಮಸ್ ಊಟ. ಅಮ್ಮ ಎಲ್ಸಿಯೂ ಬಂದಿದ್ದಳು. ಡೆಸ್ಮಂಡ್ ಕಲ್ಲಿದ್ದಲು ತರಲು ಹಿತ್ತಿಲಿಗೆ ಹೋಗಿದ್ದಾಗ ಗ್ಲೆಂಡಾ ಒವನ್ನಿನ ಬಾಗಿಲು ತೆಗೆದಳು. ಒಂದು ಸಲ ಅಲ್ಲ, ನಾಲ್ಕು ಸಲ. ಆಲೂಗಡ್ಡೆ ಮೆತ್ತಗಾದವು. ಡೆಸ್ಮಂಡ್ ಮೊದಲು ಅಮ್ಮನ ತಟ್ಟೆಗೆ ಒಂದು ಹಾಕಿ, ತಾನೊಂದು ಕಚ್ಚಿ ನೋಡಿ, ಬಾಗಿಲು ತೆಗೆದೆಯಲ್ಲ ಅಂತ ತಂಗಿಯನ್ನು ಬೈದು, ಎದ್ದುಹೋಗಿ ಉಳಿದದ್ದನ್ನೆಲ್ಲ ಕಸದ ಬಕೆಟ್ಟಿಗೆ ಸುರಿದ. ಹಬ್ಬದ ಕಾಗದದ ಕಿರೀಟ ಆಗಲೂ ಅವನ ತಲೆಯ ಮೇಲೇ ಇತ್ತು. ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡಳು. ಅವಳ ಕೊನೆಯ ಕ್ರಿಸ್ಮಸ್ಸನ್ನು ತಂಗಿ ಹಾಳು ಮಾಡಿದಳು ಅಂತ ಡೆಸ್ಮಂಡ್ ತೀರ್ಮಾನಿಸಿದ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮಾತು ಬಿಟ್ಟರು ನಿಜ, ಊಟ ಬಿಡಲಿಲ್ಲ. ಪ್ರತಿ ಡಿಸೆಂಬರ್ ಇಪ್ಪತ್ತೈದಕ್ಕೆ ಬೆಳಿಗ್ಗೆ ಹತ್ತಕ್ಕೆ ಡೆಸ್ಮಂಡ್ ಕೊಬ್ಬಿನ ಜಾಡಿ ಹಿಡಿದು ಹಾಜರಾಗುತ್ತಿದ್ದ. ವರ್ಷದಲ್ಲಿ ಅವನು ಇನ್ನೊಬ್ಬರ ಜೊತೆ ಕೂತು ಉಣ್ಣುವುದು ಅದೊಂದೇ ಊಟ. ಆಲೂಗಡ್ಡೆ ಇಲ್ಲದಿದ್ದರೆ ಆ ಹೊಸಿಲು ದಾಟಲು ಅವನಿಗೆ ಬೇರೆ ನೆಪವಿರಲಿಲ್ಲ. ನಡುವೆ ಗ್ಲೆಂಡಾಳ ಗಂಡ ನಾರ್ಮನ್, ನಿವೃತ್ತ ಅಂಚೆಯವನು, ಮಾತು ಸಾಗಿಸುತ್ತಿದ್ದ.

"ಉಪ್ಪು ಎಲ್ಲಿದೆ ಅಂತ ಅವಳನ್ನ ಕೇಳು, ನಾರ್ಮನ್."

"ಮೂಗಿನ ಕೆಳಗೇ ಇದೆ ಅಂತ ಅವನಿಗೆ ಹೇಳು, ನಾರ್ಮನ್."

"ಮೂಗಿನ ಕೆಳಗೇ ಇದೆಯಂತೆ," ಅನ್ನುತ್ತಿದ್ದ ನಾರ್ಮನ್. ಹೀಗೆ ಹತ್ತು ಕ್ರಿಸ್ಮಸ್ ಕಳೆದವು.

ಹನ್ನೊಂದನೆಯದರಂದು ನಾರ್ಮನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಷೆರ್ರಿ ವೈನಿನ ಲೋಟವನ್ನು ಕೆಳಗಿಟ್ಟ.

"ಮೂವತ್ತು ವರ್ಷ ಊರಿನ ಟಪಾಲು ಹೊತ್ತೆ. ಆಮೇಲೆ ನಿಮ್ಮಿಬ್ಬರ ಟಪಾಲು ಹೊತ್ತೆ. ನನ್ನ ಮಂಡಿ ಹೋಗಿದೆ. ಇವತ್ತಿಂದ ಅಂಚೆ ಬಂದ್," ಅಂದ.

"ಏನು ಹಾಗಂದ್ರೆ?" ಗ್ಲೆಂಡಾ ಕೇಳಿದಳು.

"ಹಾಗಂದ್ರೆ ನಾನು ಟೀವಿ ನೋಡ್ತೀನಿ," ಅಂದು ಹೋಗಿ ಬಾಗಿಲು ಹಾಕಿಕೊಂಡ. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವನು ಹೀಗೆ ಎದುರು ಮಾತಾಡಿದ್ದು ಅದೇ ಮೊದಲು. ಗ್ಲೆಂಡಾಳಿಗೆ ಸಿಟ್ಟು ಮಾಡಿಕೊಳ್ಳಲೂ ತೋಚಲಿಲ್ಲ.

ಅಣ್ಣ ತಂಗಿ ಇಬ್ಬರೇ ಉಳಿದರು. ಗ್ಲೆಂಡಾ ನೆಲ್ಲಿಕಾಯಿ ಗಾತ್ರದ ಮರಿ ಎಲೆಕೋಸುಗಳ ಬುಡ ಕತ್ತರಿಸುತ್ತ ನಿಂತಳು. ಡೆಸ್ಮಂಡ್ ಆಲೂಗಡ್ಡೆ ಹೆರೆದ, ಬೇಯಿಸಿದ, ಕುಲುಕಿದ. ಅಲ್ಲಿಯವರೆಗೆ ಮಾತಿನ ಅಗತ್ಯ ಬೀಳಲಿಲ್ಲ. ಆಮೇಲೆ ಒವನ್ನಿನ ಕಡೆ ತಿರುಗಿದ. ಅದು ಹೊಸ ಒವನ್. ತಿರುಗಿಸುವ ಗುಂಡಿಯ ಮೇಲೆ ಅಂಕಿ ಇಲ್ಲ, ಬರೀ ಚಿತ್ರ: ಒಂದು ಗೆರೆ, ಎರಡು ಗೆರೆ, ಗೆರೆಗಳ ನಡುವೆ ಒಂದು ಹೂವು. ಮೂವತ್ತೆಂಟು ವರ್ಷ ಬಾಯ್ಲರ್ ಬಿಚ್ಚಿದ ಮನುಷ್ಯ ಆ ಹೂವಿನ ಮುಂದೆ ಐದು ನಿಮಿಷ ನಿಂತ. ಕೇಳಿದರೆ ಸೋತಂತೆ. ಕೇಳದಿದ್ದರೆ ಆಲೂಗಡ್ಡೆ ಕೆಡುತ್ತದೆ, ಆಲೂಗಡ್ಡೆ ಕೆಟ್ಟರೆ ಬರುವ ವರ್ಷ ಈ ಮನೆಗೆ ಯಾವ ಮುಖ ಹೊತ್ತು ಬರುವುದು? ಕೊನೆಗೆ ಧೈರ್ಯ ಮಾಡಿ ಹೂವಿನ ಕಡೆಗೇ ತಿರುಗಿಸಿದ. ಕೊಬ್ಬು ಕಾಯಿತು, ಗಡ್ಡೆ ಚುರ್ರ್ ಅಂದವು. ಅವನು ಬಾಗಿಲು ಮುಚ್ಚಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಕಾವಲು ಕೂತ.

"ಅದು ಫ್ಯಾನು," ಅಂದಳು ಗ್ಲೆಂಡಾ, ಕಣ್ಣು ಎಲೆಕೋಸಿನ ಮೇಲೇ. "ಒಳಗೆ ಗಾಳಿ ಬೀಸುತ್ತೆ, ಬಿಸಿ ಜಾಸ್ತಿ. ಮೂವತ್ತೇ ನಿಮಿಷ ಸಾಕು."

ಹನ್ನೊಂದು ವರ್ಷದಲ್ಲಿ ಅವಳು ಅಣ್ಣನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಡೆಸ್ಮಂಡ್ ಕೈಗಡಿಯಾರ ನೋಡಿಕೊಂಡ.

"ತೆಗೆದು ನೋಡೋಕೆ ನಿನಗೆ ಕೈ ತುರಿಸ್ತಿರಬೇಕು," ಅಂದ.

ಗ್ಲೆಂಡಾ ಚಾಕು ಕೆಳಗಿಟ್ಟಳು.

"ಅಮ್ಮಂಗೆ ನಿನ್ನ ಆಲೂಗಡ್ಡೆ ಅಗಿಯೋಕೆ ಆಗ್ತಿರ್ಲಿಲ್ಲ ಕಣೋ."

"ಏನಂದೆ?"

"ಹೊಸ ಹಲ್ಲಿನ ಸೆಟ್ಟು ಹಾಕಿಸ್ಕೊಂಡಾಗಿಂದ. ಮೂರು ವರ್ಷ ಕಾಗದದಲ್ಲಿ ಸುತ್ತಿ ಕೈಚೀಲದೊಳಗೆ ಹಾಕ್ಕೊಂಡು ಹೋದ್ಲು. ಆ ಜಿಡ್ಡಿನ ಚೀಲ ತೊಳೆದೋಳು ನಾನು."

"ನನಗ್ಯಾಕೆ ಹೇಳ್ಲಿಲ್ಲ ಅವಳು?"

"ನೀನು ನೊಂದ್ಕೋತೀಯ ಅಂತ. ಆ ವರ್ಷ ನನ್ನ ಕಿವೀಲಿ ಕೇಳಿದ್ಲು, ಸ್ವಲ್ಪ ಮೆತ್ತಗೆ ಮಾಡೋಕೆ ಆಗುತ್ತಾ, ಅವನಿಗೆ ಗೊತ್ತಾಗ್ದಂಗೆ ಅಂತ. ಅದಕ್ಕೆ ಬಾಗಿಲು ತೆಗೆದೆ. ನೀನು ನನ್ನನ್ನ ಬೈದಾಗ ಅವಳ ಮುಖ ನೋಡ್ದೆ. ಹೇಳ್ಬೇಡ ಅನ್ನೋ ಹಂಗೆ ತಲೆ ಆಡಿಸಿದ್ಲು. ಆಮೇಲೆ ಅವಳೇ ಹೋಗ್ಬಿಟ್ಳು. ಬರೋ ವರ್ಷ ಹೇಳಿದ್ರಾಯ್ತು, ಬರೋ ವರ್ಷ ಹೇಳಿದ್ರಾಯ್ತು ಅಂತ ಹತ್ತು ವರ್ಷ ಕಳೀತು."

ಡೆಸ್ಮಂಡ್ ಕುರ್ಚಿಯನ್ನು ಒವನ್ನಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಹಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಒಂದೇ ಒಂದು ತಿಂದ್ಲು," ಅಂದ. "ಮೆತ್ತಗಿದ್ದಿದ್ದು ಇಷ್ಟ ಆಗಿದ್ರೆ ಒಂದಕ್ಕೇ ನಿಲ್ಲಿಸ್ತಿದ್ಲಾ?"

ಗ್ಲೆಂಡಾ ಉತ್ತರಿಸುವ ಮೊದಲು ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು.

"ಇನ್ನೊಂದು ಹಾಕು ಅಂತ ತಟ್ಟೆ ನನ್ನ ಕಡೆ ತಳ್ಳಿದ್ಲು, ಡೆಸ್. ಅಷ್ಟೊತ್ತಿಗೆ ನೀನು ಎಲ್ಲಾನೂ ಬಕೆಟ್ಟಿಗೆ ಸುರಿದಿದ್ದೆ."

ಪಕ್ಕದ ಕೋಣೆಯಲ್ಲಿ ಟೀವಿಯ ಸದ್ದು ಇದ್ದಕ್ಕಿದ್ದಂತೆ ಕಡಿಮೆಯಾಯಿತು. ನಾರ್ಮನ್ ಕಿವಿಗೊಟ್ಟಿದ್ದ, ಸುಳ್ಳೇಕೆ ಹೇಳಬೇಕು.

ಡೆಸ್ಮಂಡ್ ಅಳುತ್ತಿದ್ದ. ಅಪ್ಪನ ಮಣ್ಣಿಗೆ ಅತ್ತವನಲ್ಲ, ಅಮ್ಮನ ಮಣ್ಣಿಗೂ ಅತ್ತವನಲ್ಲ. ಈಗ ಒವನ್ನಿನ ಮುಂದೆ ಕೂತು, ಮೂಗು ಒರೆಸಿಕೊಳ್ಳಲು ಏನೂ ಸಿಗದೆ ತಂಗಿಯ ಅಡುಗೆಮನೆಯ ಬಟ್ಟೆಯನ್ನೇ ಹಿಡಿದುಕೊಂಡು ಅತ್ತ. ಗ್ಲೆಂಡಾ ಹತ್ತಿರ ಬಂದು ಇನ್ನೊಂದು ಕುರ್ಚಿ ಎಳೆದುಕೊಂಡಳು. ಮುಟ್ಟಲಿಲ್ಲ. ನಮ್ಮಲ್ಲಿ ಹಾಗೆಲ್ಲ ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ಒವನ್ನಿನಿಂದ ಸೀದ ವಾಸನೆ ಬರತೊಡಗಿತು.

"ಮೂವತ್ತು ನಿಮಿಷ ಯಾವಾಗ್ಲೋ ಆಗ್ಹೋಯ್ತು," ಅಂದಳು. "ಸೀಯ್ತಿದೆ ಕಣೋ."

"ಸೀಯ್ಲಿ ಬಿಡು," ಅಂದ ಡೆಸ್ಮಂಡ್. "ಅಮ್ಮ ಅವತ್ತು ಇನ್ನೇನೇನು ಅಂದ್ಲು, ಅದನ್ನ ಹೇಳು."